ಎಲಿಪ್ಸ್ ತಾಗಿತೋ ಇಲ್ಲವೋ ಆಮೇಲೆ, ಮೊದಲು ಎತ್ತ ವಾಲಿದೆ ನೋಡಿ

ಥೀಸಿಸ್ ಸಲ್ಲಿಸುವ ಹೊತ್ತು ಬಂತೆಂದರೆ ನನ್ನ ಟೇಬಲ್ ಮೇಲೆ ಒಂದೇ ನಮೂನೆಯ ಚಿತ್ರಗಳು ಬಂದು ಬೀಳುತ್ತವೆ. ಹಲವು ಅಳತೆಗಳನ್ನು ಒಂದೆರಡು ಅಕ್ಷಗಳಿಗೆ ಇಳಿಸುವ ಪಿಸಿಎ ಎಂಬ ವಿಧಾನದ ಚಿತ್ರಗಳು: ಅಡ್ಡಕ್ಕೆ ಪಿಸಿ1, ಮೇಲಕ್ಕೆ ಪಿಸಿ2, ನಡುವೆ ಗುಂಪಿಗೊಂದರಂತೆ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಮೊಟ್ಟೆಗಳು, ಅಂದರೆ ಎಲಿಪ್ಸ್‌ಗಳು. ಕೆಳಗೊಂದು ವಾಕ್ಯ: ‘ಎಲಿಪ್ಸ್‌ಗಳು ಒಂದರ ಮೇಲೊಂದು ಬಂದಿಲ್ಲವಾದ್ದರಿಂದ ತಳಿಗಳು ಪರಸ್ಪರ ಭಿನ್ನವಾಗಿವೆ.’ ಬಂದಿದ್ದರೆ, ‘ಬಂದಿರುವುದರಿಂದ ಭಿನ್ನವಾಗಿಲ್ಲ.’ ಬೆಳೆ ಜೋಳವಿರಲಿ, ಕಡಲೆಯಿರಲಿ, ಮಣ್ಣಿನ ಬ್ಯಾಕ್ಟೀರಿಯಾ ಇರಲಿ, ವಾಕ್ಯ ಮಾತ್ರ ಬದಲಾಗುವುದಿಲ್ಲ. ಸೀನಿಯರ್‌ಗಳ ಥೀಸಿಸ್‌ನಿಂದ ಜೂನಿಯರ್‌ಗಳಿಗೆ ಆಸ್ತಿಯ ಹಾಗೆ ಇಳಿದು ಬರುತ್ತಿದೆ.

ನಾನು ಕೃಷಿ ಕಾಲೇಜೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುವವಳು. ಎಲಿಪ್ಸ್ ಮೇಲೆ ನನಗೆ ಸಿಟ್ಟೇನೂ ಇಲ್ಲ, ಪಾಠ ಮಾಡುವುದರಲ್ಲಿ ನನಗೆ ತೀರಾ ಇಷ್ಟದ ವಿಷಯ ಅದು. ಆದರೆ ಎರಡು ಎಲಿಪ್ಸ್ ತಾಗಿದವೋ ಇಲ್ಲವೋ ಎಂಬುದು ಅದು ಹೇಳುವ ಸುದ್ದಿಗಳಲ್ಲೆಲ್ಲ ಬಡ ಸುದ್ದಿ. ಯಾರ ಸುತ್ತ ಎಳೆದದ್ದು, ಎಷ್ಟು ಅಗಲ, ಎತ್ತ ಕಡೆ ವಾಲಿದೆ? ಸರಕು ಇರುವುದು ಅಲ್ಲಿ. ಅದನ್ನು ಬಿಟ್ಟು ನಮ್ಮವರೆಲ್ಲ ಅಂಚಿಗೆ ಅಂಚು ತಾಗಿತೇ ಎಂದು ಭೂತಗನ್ನಡಿ ಹಿಡಿದು ಕೂರುತ್ತಾರೆ.

ಈ ಸಲ ರಾಯಚೂರು ಕಡೆಯ ಹುಡುಗನೊಬ್ಬ ಬ್ಯಾಡಗಿ ಮೆಣಸಿನಕಾಯಿ ತಂದಿದ್ದ. ಕಾಯಲ್ಲ, ಕಾಯಿಯ ಎಕ್ಸೆಲ್ ಶೀಟು. ಉದ್ದ, ಸುತ್ತಳತೆ, ತೂಕ, ಸಿಪ್ಪೆಯ ದಪ್ಪ, ಬೀಜದ ಸಂಖ್ಯೆ, ಬಣ್ಣದ ಆಸ್ಟಾ ಮೌಲ್ಯ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ ಇವೆಯೆಂದು ಹಾವೇರಿ ಕಡೆಯವರಿಗೆ ಹೇಳಬೇಕಿಲ್ಲ: ಡಬ್ಬಿ ಗಿಡ್ಡ, ದಪ್ಪ, ಕಡ್ಡಿ ಉದ್ದ, ತೆಳ್ಳಗೆ. ಇವೆರಡರ ಜೊತೆ ಒಂದು ಹೈಬ್ರಿಡ್ ಇಟ್ಟು ಮೂರನ್ನೂ ಹೋಲಿಸಿದ್ದ.

“ಮೇಡಮ್, ಡಬ್ಬಿಗೂ ಕಡ್ಡಿಗೂ ಎಲಿಪ್ಸ್ ಬಂತ್ರಿ. ಹೈಬ್ರಿಡ್‌ಗೆ ಬರವಲ್ದು. ಏನೋ ಮೆಸೇಜ್ ತೋರಸ್ತದ.”

“ಅದರಾಗ ಎಷ್ಟು ಗಿಡ ಅದಾವ?”

“ಮೂರ್ರೀ. ಇನ್ನೊಂದು ಸೊರಗು ರೋಗ ಬಂದು ಹೋತ್ರಿ.”

“ಉಳಿದವಕ್ಕ?”

“ನಾಕ್ ನಾಕ್ರೀ.”

ಅವನು ಬಳಸಿದ್ದು ಆರ್ ಎಂಬ ಸಾಫ್ಟ್‌ವೇರ್‌ನಲ್ಲಿ ಚಿತ್ರ ಎಳೆಯುವ ಪ್ಯಾಕೇಜ್, ಜಿಜಿಪ್ಲಾಟ್2. ಅದರ ಸ್ಟ್ಯಾಟ್-ಎಲಿಪ್ಸ್ ಎಂಬ ಫಂಕ್ಷನ್ ಒಂದು ಗುಂಪಿನಲ್ಲಿ ಮೂರೇ ಬಿಂದುಗಳಿದ್ದರೆ ‘ಎಲಿಪ್ಸ್ ಲೆಕ್ಕ ಹಾಕಲು ಬಿಂದುಗಳು ಸಾಲವು’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ನಾಲ್ಕಿದ್ದರೆ ತುಟಿ ಪಿಟಕ್ಕೆನ್ನದೆ ಎಳೆದುಕೊಡುತ್ತದೆ. ಹುಡುಗನ ಚಿಂತೆ ಎಳೆಯದ ಹೈಬ್ರಿಡ್ ಬಗ್ಗೆ. ನನ್ನ ಚಿಂತೆ ಎಳೆದುಕೊಟ್ಟ ಡಬ್ಬಿ, ಕಡ್ಡಿಗಳ ಬಗ್ಗೆ.

ಒಂದು ಎಲಿಪ್ಸ್‌ಗೆ ಐದು ಅಂಕಿ ಬೇಕು. ಅಡ್ಡ ಅಕ್ಷದ ಸರಾಸರಿ, ನಿಂತ ಅಕ್ಷದ ಸರಾಸರಿ, ಎರಡರ ಹರಡುವಿಕೆ, ಎರಡೂ ಎಷ್ಟರಮಟ್ಟಿಗೆ ಕೂಡಿ ಏರಿಳಿಯುತ್ತವೆ ಎಂಬ ಕೋವೇರಿಯನ್ಸ್. ನಾಲ್ಕು ಗಿಡಗಳೆಂದರೆ ಒಟ್ಟು ಎಂಟು ಅಂಕಿ. ಎಂಟರಿಂದ ಐದನ್ನು ಹಿಂಡಿ ತೆಗೆದ ಮೇಲೆ ಆ ಐದರ ಮೇಲೆ ಭರವಸೆ ಇಡುವುದು ಎಷ್ಟರ ಮಟ್ಟಿಗೆ? ಅದು ಸಾಫ್ಟ್‌ವೇರ್‌ಗೂ ಗೊತ್ತು. ಹಾಗಾಗಿಯೇ ಅಗಲ ಹೆಚ್ಚಿಸುತ್ತದೆ. ಬೇಕಾದಷ್ಟು ಮಾದರಿಗಳಿದ್ದರೆ ಶೇ 95ರ ಎಲಿಪ್ಸ್‌ನ ಅಂಚು ನಡುವಿನಿಂದ 2.45 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಹರಡುವಿಕೆಯ ಅಳತೆ) ದೂರದಲ್ಲಿರುತ್ತದೆ. ಅದೇ ಫಂಕ್ಷನ್‌ನ ಸೂತ್ರದಲ್ಲಿ 50 ಮಾದರಿಗೆ ಇದು 2.52, ಹತ್ತಕ್ಕೆ 2.92, ನಾಲ್ಕಕ್ಕೆ 4.37. ಅವನ ಲ್ಯಾಪ್‌ಟಾಪಿನಲ್ಲಿ ಡಬ್ಬಿಯ ಎಲಿಪ್ಸ್ ಬಿಂದುಗಳಿಂದ ಎಷ್ಟೋ ದೂರ ಹೋಗಿ ಚಿತ್ರದ ಚೌಕಟ್ಟನ್ನೇ ಮುಟ್ಟಿತ್ತು. ಪಿಸಿಎ ಬಿಟ್ಟು ನೇರವಾಗಿ ತೂಕ ಮತ್ತು ಬೀಜದ ಸಂಖ್ಯೆಯನ್ನು ಅಕ್ಷಗಳ ಮೇಲೆ ಇಟ್ಟು ನೋಡು ಎಂದೆ. ಎಲಿಪ್ಸ್ ಸೊನ್ನೆಯ ಗೆರೆ ದಾಟಿ ಕೆಳಗಿಳಿಯಿತು. ಸೊನ್ನೆಗಿಂತ ಕಡಿಮೆ ತೂಗುವ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಬಂದರೆ ದಲಾಲರು ಏನು ರೇಟು ಹಾಕುತ್ತಾರೋ!

ಇಲ್ಲೊಂದು ತಮಾಷೆ ಇದೆ. ಇದೇ ಅಂಕಿಗಳನ್ನು ವೇಗನ್ ಎಂಬ ಇನ್ನೊಂದು ಪ್ಯಾಕೇಜಿಗೆ ಕೊಟ್ಟು ಆರ್ಡಿ-ಎಲಿಪ್ಸ್ ಎಂದರೆ, ಬೇರೇನೂ ಹೇಳದಿದ್ದಲ್ಲಿ ಅದು ಒಂದೇ ಎಸ್‌ಡಿಯ ಎಲಿಪ್ಸ್ ಎಳೆಯುತ್ತದೆ. 4.37 ಎಲ್ಲಿ, 1 ಎಲ್ಲಿ! ಒಂದರಲ್ಲಿ ಡಬ್ಬಿ, ಕಡ್ಡಿ ಎರಡೂ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿರುತ್ತವೆ, ಇನ್ನೊಂದರಲ್ಲಿ ದೂರ ದೂರ ನಿಂತಿರುತ್ತವೆ. ಗಿಡಗಳು ಅವೇ, ಕಾಯಿಗಳು ಅವೇ. ಆಸ್ತಿಯಾಗಿ ಬಂದ ಆ ವಾಕ್ಯವನ್ನು ನಂಬಿದರೆ ತಳಿಗಳು ಭಿನ್ನವೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಯಾವ ಪ್ಯಾಕೇಜ್ ಇನ್‌ಸ್ಟಾಲ್ ಆಗಿದೆ ಎಂಬುದು.

ಒಂದು ಎಸ್‌ಡಿ ಎಂದಾಗ ಬಹುತೇಕರ ತಲೆಯಲ್ಲಿ ಶೇ 68 ಬರುತ್ತದೆ, ಎರಡು ಎಂದರೆ 95. ಅದು ಒಂದೇ ಅಳತೆ ಇದ್ದಾಗಿನ ಲೆಕ್ಕ. ಎರಡು ಅಳತೆಗಳು ಸೇರಿದಾಗ ಒಂದು ಎಸ್‌ಡಿಯ ಎಲಿಪ್ಸ್ ಒಳಗೆ ಬರುವುದು ಶೇ 39 ಮಾತ್ರ, ಎರಡು ಎಸ್‌ಡಿಗೆ ಶೇ 86. ಅಂದರೆ ವೇಗನ್‌ನ ಆ ಪುಟ್ಟ ಎಲಿಪ್ಸ್ ಹೊರಗೆ ಅರ್ಧಕ್ಕಿಂತ ಹೆಚ್ಚು ಗಿಡಗಳು ನಿಂತಿರುವುದು ಸಹಜ. ‘ಔಟ್‌ಲೈಯರ್ ಬಹಳ ಇವೆ’ ಎಂದು ಗಾಬರಿಯಾಗಿ ಗಿಡಗಳನ್ನೇ ಅಳಿಸಿಹಾಕಿದ ಥೀಸಿಸ್ ಒಂದನ್ನು ನಾನು ನೋಡಿದ್ದೇನೆ.

ಇನ್ನು ಯಾರ ಸುತ್ತ ಎಂಬ ಪ್ರಶ್ನೆ. ಶೇ 95ರ ಎಲಿಪ್ಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಓಡಾಡುತ್ತಿವೆ. ಒಂದು ಗಿಡಗಳ ಸುತ್ತ ಎಳೆದದ್ದು: ಈ ತಳಿಯ ನೂರು ಗಿಡ ತಂದರೆ ಸುಮಾರು 95 ಇದರೊಳಗೆ ಬಂದಾವು ಎನ್ನುವುದು. ಇನ್ನೊಂದು ಸರಾಸರಿಯ ಸುತ್ತ ಎಳೆದದ್ದು: ತಳಿಯ ನಿಜವಾದ ಸರಾಸರಿ ಎಲ್ಲಿರಬಹುದು ಎಂಬ ನಮ್ಮ ಅಂದಾಜಿನ ಅನಿಶ್ಚಿತತೆ. ಕಾನ್ಫಿಡೆನ್ಸ್ ಎಲಿಪ್ಸ್ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ಎರಡನೆಯದಕ್ಕೆ. ಮಾದರಿ ಹೆಚ್ಚಿದಂತೆ ಮೊದಲನೆಯದು ಒಂದು ಗಾತ್ರಕ್ಕೆ ಬಂದು ನಿಲ್ಲುತ್ತದೆ, ಎರಡನೆಯದು ಕುಗ್ಗುತ್ತಲೇ ಹೋಗುತ್ತದೆ. 50 ಗಿಡಗಳಿದ್ದರೆ ಸರಾಸರಿಯ ಎಲಿಪ್ಸ್‌ನ ಉದ್ದಗಲ ಗಿಡಗಳ ಎಲಿಪ್ಸ್‌ನ ಏಳನೇ ಒಂದು ಪಾಲು, ವಿಸ್ತೀರ್ಣ ಐವತ್ತನೇ ಒಂದು ಪಾಲು.

ಫ್ಯಾಕ್ಟೋಎಕ್ಸ್‌ಟ್ರಾ ಎಂಬ ಪ್ಯಾಕೇಜ್ ಬಳಸುವವರು ಇದನ್ನು ಒಂದೇ ಪದ ಬದಲಿಸಿ ನೋಡಬಹುದು. ಎಲಿಪ್ಸ್-ಟೈಪ್ ಎಂಬಲ್ಲಿ ‘ನಾರ್ಮ್’ ಎಂದಿದ್ದರೆ ಗಿಡಗಳ ಸುತ್ತ, ‘ಕಾನ್ಫಿಡೆನ್ಸ್’ ಎಂದಿದ್ದರೆ ಸರಾಸರಿಯ ಸುತ್ತ. ವೇಗನ್‌ನಲ್ಲಿ ‘ಎಸ್‌ಡಿ’ ಮತ್ತು ‘ಎಸ್‌ಇ’. ಜಿಜಿಪ್ಲಾಟ್‌ನ ಸ್ಟ್ಯಾಟ್-ಎಲಿಪ್ಸ್ ಯಾವಾಗಲೂ ಮೊದಲನೆಯ ಬಗೆಯದು. ನನ್ನ ಟೇಬಲ್‌ಗೆ ಬರುವ ಚಿತ್ರಗಳಲ್ಲಿ ಬಹುಪಾಲು ಅದರಿಂದಲೇ ಬಂದವು, ಶೀರ್ಷಿಕೆಯಲ್ಲಿ ಮಾತ್ರ ‘ಕಾನ್ಫಿಡೆನ್ಸ್’ ಎಂದಿರುತ್ತದೆ.

ಐರಿಸ್ ಹೂವಿನ ಅಂಕಿಗಳಲ್ಲಿ ಇದು ಕಣ್ಣಿಗೆ ರಾಚುತ್ತದೆ. ಎಡ್ಗರ್ ಆ್ಯಂಡರ್ಸನ್ ಅಳೆದು, ರೊನಾಲ್ಡ್ ಫಿಶರ್ 1936ರ ಲೇಖನದಲ್ಲಿ ಬಳಸಿದ ಅಂಕಿಗಳು ಇವು. ಮೂರು ಜಾತಿ, ತಲಾ 50 ಹೂ, ನಾಲ್ಕು ಅಳತೆ. ಅಳತೆಗಳನ್ನು ಸ್ಕೇಲ್ ಮಾಡಿ, ಅಂದರೆ ಒಂದೇ ಮಟ್ಟಕ್ಕೆ ತಂದು, ಪಿಸಿಎ ಮಾಡಿದರೆ ಮೊದಲ ಎರಡು ಅಕ್ಷಗಳೇ ಒಟ್ಟು ಏರುಪೇರಿನ ಶೇ 96ರಷ್ಟನ್ನು ಹೊತ್ತುಕೊಳ್ಳುತ್ತವೆ. ಹೂಗಳ ಸುತ್ತ ಎಲಿಪ್ಸ್ ಎಳೆದರೆ ಸೆಟೋಸಾ ದೂರ ನಿಲ್ಲುತ್ತದೆ, ವರ್ಸಿಕಲರ್ ಮತ್ತು ವರ್ಜಿನಿಕಾ ಒಂದರ ಮೇಲೊಂದು ಹತ್ತುತ್ತವೆ. ಸರಾಸರಿಗಳ ಸುತ್ತ ಎಳೆದರೆ ಮೂರೂ ಪುಟ್ಟ ಪುಟ್ಟದಾಗಿ, ನಡುವೆ ಬೇಕಾದಷ್ಟು ಜಾಗ ಬಿಟ್ಟುಕೊಂಡು ಕೂತಿರುತ್ತವೆ. ಎರಡೂ ಚಿತ್ರ ನಿಜ. ಕೈಗೆ ಸಿಕ್ಕ ಒಂದು ಹೂವನ್ನು ನೋಡಿ ಇದು ಯಾವ ಜಾತಿ ಎಂದು ಹೇಳಬಲ್ಲೆನೇ ಎನ್ನುವವರಿಗೆ ಮೊದಲ ಚಿತ್ರ. ಜಾತಿಗಳ ಸರಾಸರಿಗಳು ಬೇರೆಯೇ ಎನ್ನುವವರಿಗೆ ಎರಡನೆಯದು. ಬೀಜದ ಕಂಪನಿಗೆ ಬೇಕಾದದ್ದು ಬಹಳ ಸಲ ಮೊದಲನೆಯದು, ಥೀಸಿಸ್‌ನಲ್ಲಿ ಬರೆಯುವ ತೀರ್ಮಾನ ಎರಡನೆಯದು. ಚಿತ್ರ ಒಂದರದ್ದು, ವಾಕ್ಯ ಇನ್ನೊಂದರದ್ದು ಆದಾಗ ಓದುವವರು ಏನು ಮಾಡಬೇಕು?

ಸರಾಸರಿಯ ಎಲಿಪ್ಸ್‌ಗಳೇ ಆದರೂ ‘ತಾಗಿದರೆ ವ್ಯತ್ಯಾಸವಿಲ್ಲ’ ಎಂಬುದು ತಪ್ಪು. ಶೇ 95ರ ಎರಡು ಎಲಿಪ್ಸ್‌ಗಳು ಅಂಚಿನಲ್ಲಿ ಸ್ವಲ್ಪ ಹಾದುಹೋದರೂ ಸರಾಸರಿಗಳ ವ್ಯತ್ಯಾಸ ಟೆಸ್ಟ್‌ನಲ್ಲಿ ಎದ್ದು ಕಾಣಬಹುದು. ವ್ಯತ್ಯಾಸವನ್ನು ಪರೀಕ್ಷಿಸಬೇಕಾದರೆ ಹಲವು ಅಳತೆಗಳನ್ನು ಒಟ್ಟಿಗೆ ನೋಡುವ ಟೆಸ್ಟ್‌ಗಳಿವೆ, ಮನೋವಾ ಇದೆ, ಪರ್ಮನೋವಾ ಇದೆ, ಮಾಡಿ. ಚಿತ್ರದ ಅಂಚಿಗೆ ಟೆಸ್ಟ್‌ನ ಕೆಲಸ ಹೊರಿಸಬೇಡಿ.

ಹಾಗಾದರೆ ಎಲಿಪ್ಸ್ ಯಾಕೆ? ಎರಡು ಅಳತೆಗಳಿಗೆ ಪ್ರತ್ಯೇಕ ಎರಡು ಗೆರೆ ಎಳೆದು ಒಂದು ಆಯತ ಮಾಡಿಬಿಟ್ಟರೆ ಸಾಲದೇ? ಇದಕ್ಕೆ ನಾನು ಕ್ಲಾಸಿನಲ್ಲಿ ಮೆಣಸಿನಕಾಯಿಯನ್ನೇ ಹಿಡಿದುಕೊಂಡು ಉತ್ತರ ಹೇಳುತ್ತೇನೆ. ಒಂದೇ ತಳಿಯ ಕಾಯಿಗಳಲ್ಲಿ ಉದ್ದ ಹೆಚ್ಚಿದ್ದರೆ ತೂಕವೂ ಹೆಚ್ಚಿರುತ್ತದೆ. ಲೆಕ್ಕಕ್ಕೆ ಕೋರಿಲೇಶನ್, ಅಂದರೆ ಎರಡರ ನಂಟಿನ ಅಳತೆ, 0.8 ಎಂದಿಟ್ಟುಕೊಳ್ಳಿ. ಒಂದು ಕಾಯಿ ಸರಾಸರಿಗಿಂತ 1.5 ಎಸ್‌ಡಿ ಉದ್ದ, 1.5 ಎಸ್‌ಡಿ ಭಾರ. ಇನ್ನೊಂದು 1.5 ಎಸ್‌ಡಿ ಉದ್ದ, ಆದರೆ 1.5 ಎಸ್‌ಡಿ ಹಗುರ. ಉದ್ದ ಮಾತ್ರ ನೋಡಿದರೆ ಎರಡೂ ಮಾಮೂಲಿ. ತೂಕ ಮಾತ್ರ ನೋಡಿದರೂ ಎರಡೂ ಮಾಮೂಲಿ. ಸ್ಕೇಲ್ ಇಟ್ಟು ಅಳೆದರೆ ಎರಡೂ ನಡುವಿನಿಂದ ಅಷ್ಟೇ ದೂರ. ಆದರೆ ಆ ಎರಡನೆಯದನ್ನು ಕೈಗೆತ್ತಿಕೊಂಡ ರೈತ ತಕ್ಷಣ ಹೇಳುತ್ತಾನೆ, ಇದು ಪೊಳ್ಳು ಕಾಯಿ.

ಆ ರೈತನ ಕೈಗೆ ಗೊತ್ತಾದದ್ದನ್ನು ಅಂಕಿಯಾಗಿ ಹೇಳುವುದೇ ಮಹಲನೋಬಿಸ್ ದೂರ, ಸ್ಟ್ಯಾಟಿಸ್ಟಿಕ್ಸ್ ತಜ್ಞ ಪಿ. ಸಿ. ಮಹಲನೋಬಿಸ್ ಹೆಸರಿನದು. ಅದರ ವರ್ಗ, ಅಂದರೆ ಡಿ-ಸ್ಕ್ವೇರ್, ಮೊದಲ ಕಾಯಿಗೆ 2.5 ಬರುತ್ತದೆ, ಪೊಳ್ಳು ಕಾಯಿಗೆ 22.5. ಶೇ 95ರ ಎಲಿಪ್ಸ್‌ನ ಅಂಚು 5.99ರಲ್ಲಿದೆ. ಮೊದಲನೆಯದು ಆರಾಮಾಗಿ ಒಳಗೆ, ಎರಡನೆಯದು ಎಲ್ಲೋ ಹೊರಗೆ. ಎಲಿಪ್ಸ್ ಎಂದರೆ ಸರಾಸರಿಯಿಂದ ಈ ಲೆಕ್ಕದಲ್ಲಿ ಸಮದೂರದಲ್ಲಿರುವ ಬಿಂದುಗಳ ಗೆರೆ, ಅಷ್ಟೇ. ಅದು ವಾಲಿರುವುದರಿಂದಲೇ ಪೊಳ್ಳು ಕಾಯಿ ಸಿಕ್ಕಿಬಿದ್ದದ್ದು. ವಾಲದ ಆಯತ ಎಳೆದಿದ್ದರೆ ಎರಡೂ ಒಳಗೇ ಇರುತ್ತಿದ್ದವು.

ನಮ್ಮ ತಳಿವರ್ಧನೆ ವಿಭಾಗದ ಹುಡುಗರಿಗೆ ಡಿ-ಸ್ಕ್ವೇರ್ ಎಂದರೆ ಪರೀಕ್ಷೆಗೆ ಬಾಯಿಪಾಠ. ಜರ್ಮ್‌ಪ್ಲಾಸಮ್ (ತಳಿಗಳ ಸಂಗ್ರಹ) ಥೀಸಿಸ್ ಎಂದರೆ ಡಿ-ಸ್ಕ್ವೇರ್ ಅನಾಲಿಸಿಸ್, ಅದರಿಂದ ಗುಂಪು ಮಾಡುವ ಟೋಚರ್ ಮೆಥಡ್, ಕ್ಲಸ್ಟರ್ ಟೇಬಲ್. ಆದರೆ ಅದೇ ಡಿ-ಸ್ಕ್ವೇರ್ ಮುಂದಿನ ಪುಟದ ಎಲಿಪ್ಸ್ ಒಳಗೂ ಕೂತಿದೆ ಎಂದರೆ ಕಣ್ಣರಳಿಸುತ್ತಾರೆ. ಮಹಲನೋಬಿಸ್ ಇದಕ್ಕೆ ಕೈಹಾಕಿದ ಕಥೆ ಶುರುವಾಗುವುದು 1920ರಲ್ಲಿ, ನಾಗಪುರದ ಸೈನ್ಸ್ ಕಾಂಗ್ರೆಸ್‌ನಲ್ಲಿ. ಅಲ್ಲಿ ಭೇಟಿಯಾದ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಆ್ಯನಂಡೇಲ್ ಕಲ್ಕತ್ತದ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಕೊಟ್ಟು ಇದರ ಲೆಕ್ಕ ನೋಡಿಕೊಡಿ ಎಂದರು. ಒಂದೊಂದು ಅಳತೆಯನ್ನು ಬೇರೆ ಬೇರೆಯಾಗಿ ಹೋಲಿಸಿದರೆ ಗುಂಪುಗಳ ನಡುವಿನ ದೂರ ಸಿಗುವುದಿಲ್ಲ, ಎಲ್ಲ ಅಳತೆಗಳನ್ನೂ ಅವುಗಳ ನಂಟಿನ ಸಮೇತ ಒಟ್ಟಿಗೆ ತೂಗಬೇಕು ಎಂಬ ಆ ದಾರಿ 1936ರ ಲೇಖನದಲ್ಲಿ ಸಾಮಾನ್ಯ ಸೂತ್ರದ ರೂಪ ಪಡೆಯಿತು.

ಇದನ್ನು ಮುಂದಕ್ಕೆ ಒಯ್ದವರಲ್ಲಿ ದೊಡ್ಡ ಹೆಸರು ಸಿ. ಆರ್. ರಾವ್ ಅವರದ್ದು. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಹುಟ್ಟಿದವರು. ಮನೆಯ ಎಂಟನೇ ಮಗು, ಹಾಗಾಗಿ ದೇವಕಿಯ ಎಂಟನೆಯವನ ಹೆಸರೇ ಬಂತು. ರಾವ್ ಅವರನ್ನು ಮಹಲನೋಬಿಸ್ 1946ರಲ್ಲಿ ಕೇಂಬ್ರಿಡ್ಜ್‌ನ ಮ್ಯೂಸಿಯಂಗೆ ಕಳಿಸಿದರು. ಸುಡಾನ್‌ನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳನ್ನು ಡಿ-ಸ್ಕ್ವೇರ್ ಬಳಸಿ ವಿಶ್ಲೇಷಿಸುವುದು ಕೆಲಸ. ಅದೇ ಹೊತ್ತಿನಲ್ಲಿ ಫಿಶರ್ ಬಳಿ ಪಿಎಚ್‌ಡಿಯನ್ನೂ ಮಾಡಿಕೊಂಡರು. 2023ರಲ್ಲಿ, ನೂರಾ ಎರಡು ದಾಟಿದ ಮೇಲೆ ತೀರಿಕೊಂಡರು. ಹಡಗಲಿ ಕಡೆಯ ವಿದ್ಯಾರ್ಥಿಗಳು ಬಂದಾಗ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಮಲ್ಲಿಗೆಗೆ ಹೆಸರಾದ ಊರು, ಬಹುಚರ ವಿಶ್ಲೇಷಣೆಗೂ ಹೆಸರಾಗಲಿ.

ಎಲಿಪ್ಸ್ ಮಾತ್ರ ಇವರೆಲ್ಲರಿಗಿಂತ ಹಳೆಯದು. ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಗಳ ಎತ್ತರ, ಮಕ್ಕಳ ಎತ್ತರಗಳ ಪಟ್ಟಿ ಹಿಡಿದುಕೊಂಡು ರಾಮ್ಸ್‌ಗೇಟ್ ಹತ್ತಿರದ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದಾಗ, ಸಮಾನ ಸಂಖ್ಯೆಗಳನ್ನು ಸೇರಿಸುವ ಗೆರೆಗಳು ಒಂದರೊಳಗೊಂದು ಎಲಿಪ್ಸ್‌ಗಳಾಗಿರುವುದು ಹೊಳೆಯಿತಂತೆ. 928 ಮಕ್ಕಳು, 205 ಜೋಡಿ ತಂದೆತಾಯಿಗಳ ಆ ಪಟ್ಟಿ 1886ರಲ್ಲಿ ಅಚ್ಚಾಯಿತು. ಗಾಲ್ಟನ್‌ಗೆ ಇದೆಲ್ಲ ಯಾತಕ್ಕೆ ಬೇಕಿತ್ತು, ಫಿಶರ್ ಹೂವಿನ ಲೇಖನ ಅಚ್ಚಾದ ಪತ್ರಿಕೆಯ ಹೆಸರಲ್ಲಿ ‘ಯೂಜೆನಿಕ್ಸ್’ ಯಾಕಿತ್ತು ಎಂಬುದು ಬೇರೆಯೇ ದಿನದ ಮಾತು. ಮನುಷ್ಯರನ್ನು ಮೇಲು ಕೀಳು ಎಂದು ವಿಂಗಡಿಸುವ ಹುಚ್ಚಿನ ನೆರಳಿನಲ್ಲೇ ಈ ಗಣಿತದ ಒಂದಷ್ಟು ಭಾಗ ಬೆಳೆಯಿತೆಂಬುದನ್ನು ನಾನು ಕ್ಲಾಸಿನಲ್ಲಿ ಮುಚ್ಚಿಡುವುದಿಲ್ಲ.

ಮತ್ತೆ ಎಕ್ಸೆಲ್ ಶೀಟಿಗೆ. ನಾಲ್ಕೇ ಗಿಡ ಸಾಲದು ಎಂದ ಕೂಡಲೇ ಹುಡುಗನ ಮುಖ ಅರಳಿತು. “ಮೇಡಮ್, ಒಂದೊಂದು ಗಿಡದಾಗ ಹತ್ತ್ ಹತ್ತು ಕಾಯಿ ಅಳದೇನ್ರಿ. ನಲವತ್ತು ಆತಲ್ಲ?” ಅಲ್ಲ. ಒಂದೇ ಗಿಡದ ಹತ್ತು ಕಾಯಿಗಳು ಒಂದೇ ಬೇರಿನ ನೀರು ಕುಡಿದವು, ಒಂದೇ ಜಾಗದ ಬಿಸಿಲು ಕಂಡವು. ಅವು ಹತ್ತು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ಹತ್ತು ಸಲ ಹೇಳಿಕೆ ಕೊಟ್ಟದ್ದು. ಕಾಯಿಗಳನ್ನು ನಲವತ್ತು ಸ್ವತಂತ್ರ ಬಿಂದುಗಳೆಂದು ಕೊಟ್ಟರೆ ಗಿಡಗಳ ನಡುವಿನ ಏರುಪೇರು ಲೆಕ್ಕಕ್ಕೇ ಬರದೆ ಸರಾಸರಿಯ ಎಲಿಪ್ಸ್ ಚಿಕ್ಕದಾಗಿಬಿಡುತ್ತದೆ, ತಳಿಗಳೆಲ್ಲ ‘ಸ್ಪಷ್ಟವಾಗಿ ಪ್ರತ್ಯೇಕ’ವಾಗುತ್ತವೆ. ಪರಿಸರ ವಿಜ್ಞಾನದಲ್ಲಿ ಹರ್ಲ್‌ಬರ್ಟ್ 1984ರಲ್ಲೇ ಇದನ್ನು ಸ್ಯೂಡೋರೆಪ್ಲಿಕೇಶನ್ ಎಂದು ಕರೆದು ಬೈದಿದ್ದಾರೆ. ಬೈಗುಳ ಇನ್ನೂ ಸಾಲದು. ಗಿಡಕ್ಕೊಂದು ಸರಾಸರಿ ತೆಗೆದು ಅದನ್ನು ಬಿಂದುವಾಗಿ ಇಡು, ಎಲಿಪ್ಸ್ ಬೇಡ, ಮೂರು ತಳಿಗೆ ಮೂರು ಗುರುತು ಹಾಕು, ನಾಲ್ಕು ಬಿಂದುಗಳನ್ನು ಓದುವವರ ಕಣ್ಣಿಗೇ ಬಿಡು ಎಂದೆ. ಗೈಡ್ ಒಪ್ಪಬೇಕಲ್ಲ ಎಂದ. ಅದು ನಿಜ, ಅದಕ್ಕೆ ನನ್ನಲ್ಲಿ ಸೂತ್ರವಿಲ್ಲ.

ಹತ್ತಕ್ಕಿಂತ ಕಡಿಮೆ ಬಿಂದುಗಳ ಗುಂಪಿಗೆ ಎಲಿಪ್ಸ್ ಎಳೆಯಬೇಡಿ ಎಂಬುದು ನನ್ನ ಹಟ. ಶಾಸ್ತ್ರವಲ್ಲ, ಹಟ.

ಪಿಎಲ್ಎಸ್-ಡಿಎ ಚಿತ್ರಗಳ ಬಗ್ಗೆ ಎರಡೇ ಮಾತು. ಮೆಟಬಾಲೊಮಿಕ್ಸ್‌ನವರು (ಜೀವಕೋಶಗಳ ಸಣ್ಣ ರಾಸಾಯನಿಕಗಳನ್ನು ಅಳೆಯುವವರು) ಇಪ್ಪತ್ತು ಮಾದರಿ, ಸಾವಿರಾರು ಪೀಕ್ ತಂದು ಈ ವಿಧಾನಕ್ಕೆ ಕೊಡುತ್ತಾರೆ. ಗುಂಪುಗಳನ್ನು ಬೇರ್ಪಡಿಸುವುದೇ ಅದರ ಕೆಲಸ, ಹಾಗಾಗಿ ಬೇರ್ಪಡಿಸಿಕೊಡುತ್ತದೆ, ಅಂಕಿಗಳು ಬರೀ ಗದ್ದಲವಾಗಿದ್ದರೂ ಸರಿ. ಯಾವ ಮಾದರಿ ಯಾವ ಗುಂಪು ಎಂಬ ಲೇಬಲ್‌ಗಳನ್ನು ಚೀಟಿ ಎತ್ತಿದಂತೆ ಕಲಸಿ ಮತ್ತೊಮ್ಮೆ ಓಡಿಸಿ. ಆಗಲೂ ಎಲಿಪ್ಸ್‌ಗಳು ದೂರ ದೂರ ನಿಂತರೆ ಮೊದಲಿನ ಚಿತ್ರವನ್ನು ಯಾರಿಗೂ ತೋರಿಸಬೇಡಿ.

ಇನ್ನು ವಾಲುವಿಕೆ. ಇದಕ್ಕೆ ಮೆಣಸಿನಕಾಯಿ ಬಿಟ್ಟು ಪೆಂಗ್ವಿನ್‌ಗಳ ಹತ್ತಿರ ಹೋಗಬೇಕು. ಅಂಟಾರ್ಕ್ಟಿಕಾದ ಪಾಮರ್ ದ್ವೀಪಸಮೂಹದಲ್ಲಿ ಕ್ರಿಸ್ಟನ್ ಗೋರ್ಮನ್ ಮತ್ತು ಸಂಗಡಿಗರು 2007ರಿಂದ 2009ರವರೆಗೆ ಅಳೆದ 344 ಪೆಂಗ್ವಿನ್‌ಗಳ ಅಂಕಿಗಳಿವು. ಅಡೇಲಿ, ಚಿನ್‌ಸ್ಟ್ರಾಪ್, ಜೆಂಟೂ ಎಂಬ ಮೂರು ಜಾತಿ. ಐರಿಸ್ ಬದಲು ಪಾಠಕ್ಕೆ ಬಳಸಲೆಂದು 2020ರಲ್ಲಿ ಪ್ಯಾಕೇಜ್ ಆಗಿ ಬಂತು, ಆರ್‌ನ 4.5 ಆವೃತ್ತಿಯಿಂದ ಮೂಲದಲ್ಲೇ ಸಿಗುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಅಡ್ಡ ಅಕ್ಷದಲ್ಲಿ ಕೊಕ್ಕಿನ ಉದ್ದ, ಮೇಲಕ್ಕೆ ಕೊಕ್ಕಿನ ದಪ್ಪ ಇಡಿ. ಜಾತಿ ನೋಡದೆ ಎಲ್ಲಕ್ಕೂ ಸೇರಿಸಿ ಒಂದೇ ಎಲಿಪ್ಸ್ ಎಳೆಯಿರಿ. ಅದು ಬಲಕ್ಕೆ ಹೋದಂತೆ ಕೆಳಕ್ಕೆ ವಾಲುತ್ತದೆ. ಕೋರಿಲೇಶನ್ ಮೈನಸ್ 0.24. ಉದ್ದ ಕೊಕ್ಕಿನ ಹಕ್ಕಿಗೆ ಕೊಕ್ಕು ತೆಳು ಎಂದಂತಾಯಿತು. ಈಗ ಜಾತಿಗೊಂದರಂತೆ ಮೂರು ಎಲಿಪ್ಸ್ ಎಳೆಯಿರಿ. ಮೂರೂ ಬಲಕ್ಕೆ ಹೋದಂತೆ ಮೇಲಕ್ಕೆ ವಾಲುತ್ತವೆ! ಅಡೇಲಿಗೆ 0.39, ಜೆಂಟೂಗೆ 0.64, ಚಿನ್‌ಸ್ಟ್ರಾಪ್‌ಗೆ 0.65. ಒಟ್ಟು ಚಿತ್ರ ಇಳಿಜಾರು, ಬಿಡಿ ಚಿತ್ರಗಳೆಲ್ಲ ಏರು. ಜೆಂಟೂ ಕೊಕ್ಕು ಅಡೇಲಿಯದಕ್ಕಿಂತ ಉದ್ದ ಮತ್ತು ತೆಳು, ಹಾಗಾಗಿ ಜಾತಿಗಳ ನಡುವಿನ ಇಳಿಜಾರು ಒಳಗಿನ ಏರನ್ನು ನುಂಗಿಹಾಕಿತ್ತು. ಸಿಂಪ್ಸನ್ ವಿರೋಧಾಭಾಸ ಎಂದು ಪಠ್ಯದಲ್ಲಿ ಒಂದು ಪುಟ ಬರೆಯುವುದನ್ನು ನಾಲ್ಕು ಎಲಿಪ್ಸ್‌ಗಳು ಒಂದೇ ನೋಟದಲ್ಲಿ ತೋರಿಸುತ್ತವೆ. ಇವು ತಾಗಿದವೇ ಎಂದು ಯಾರಾದರೂ ಕೇಳಿದರೆ ನನಗೆ ಅಳು ಬರುತ್ತದೆ.

ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಅಡೇಲಿಯೊಂದನ್ನೇ ತೆಗೆದುಕೊಳ್ಳಿ. ಲಿಂಗ ಗೊತ್ತಿರುವ ಹಕ್ಕಿಗಳು ಗಂಡು 73, ಹೆಣ್ಣು 73. ಹೆಣ್ಣಿನ ಕೊಕ್ಕು ಸರಾಸರಿ 37.3 ಮಿಲಿಮೀಟರ್ ಉದ್ದ, 17.6 ದಪ್ಪ. ಗಂಡಿನದು 40.4 ಮತ್ತು 19.1. ಗಂಡು ಎರಡರಲ್ಲೂ ದೊಡ್ಡದು. ಈಗ ಅಡೇಲಿಯ ಆ ಒಂದು ಎಲಿಪ್ಸ್ ಅಳಿಸಿ, ಗಂಡಿಗೊಂದು ಹೆಣ್ಣಿಗೊಂದು ಎಳೆಯಿರಿ. ಏರು ಹೆಚ್ಚುಕಡಿಮೆ ಮಾಯ! ಎರಡೂ ಎಲಿಪ್ಸ್ ಬಹುಮಟ್ಟಿಗೆ ನೇರವಾಗಿ ಕೂತಿವೆ, ಒಂದು ಎಡಗಡೆ ಕೆಳಗೆ, ಇನ್ನೊಂದು ಬಲಗಡೆ ಮೇಲೆ. ಅಂದರೆ ಅಡೇಲಿಯಲ್ಲಿ ಉದ್ದ ಕೊಕ್ಕು ದಪ್ಪವೂ ಆಗಿರುತ್ತದೆ ಎಂದು ನಾವು ಓದಿಕೊಂಡ ವಾಲುವಿಕೆ, ಗಂಡು ಹೆಣ್ಣುಗಳನ್ನು ಒಂದೇ ಚೀಲಕ್ಕೆ ಹಾಕಿದ್ದರಿಂದ ಬಂದದ್ದು. ಜೆಂಟೂನಲ್ಲಿ ಹಾಗೆ ಒಡೆದರೆ ವಾಲುವಿಕೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಅಲ್ಲಿ ಗಂಡುಗಳ ಒಳಗೂ, ಹೆಣ್ಣುಗಳ ಒಳಗೂ ಒಂದಿಷ್ಟು ನಂಟು ಉಳಿಯುತ್ತದೆ. ಒಂದೇ ಅಳತೆ, ಒಂದೇ ದಿಕ್ಕಿನ ವಾಲು, ಎರಡು ಜಾತಿಗಳಲ್ಲಿ ಎರಡು ಬೇರೆ ಕಾರಣ.

ಪಿಸಿಎ ಚಿತ್ರಕ್ಕೂ ಇದೇ ಓದು. ಕೊಕ್ಕಿನ ಎರಡು, ರೆಕ್ಕೆಯ ಉದ್ದ, ದೇಹದ ತೂಕ ಸೇರಿಸಿ ಸ್ಕೇಲ್ ಮಾಡಿದರೆ ಮೊದಲ ಎರಡು ಅಕ್ಷಗಳಿಗೆ ಶೇ 88 ಬರುತ್ತದೆ. ಉಳಿದ 12 ಎಲ್ಲೂ ಹೋಗಿಲ್ಲ, ಕಾಗದದ ಹಿಂದೆ ಇದೆ. ಕಾಗದದ ಮೇಲೆ ಒಂದರ ಮೇಲೊಂದು ಬಿದ್ದ ಎರಡು ಗುಂಪುಗಳು ಮೂರನೇ ಅಕ್ಷದಲ್ಲಿ ದೂರ ಇರಬಹುದು. ಅಂಚು ತಾಗುವುದನ್ನು ನಂಬದಿರಲು ಇದೂ ಒಂದು ಕಾರಣ. ಗುಂಪುಗಳ ಎಲಿಪ್ಸ್‌ಗಳು ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಎಲ್ಲದರಲ್ಲೂ ಏರುಪೇರಿನ ಮೂಲ ಒಂದೇ ಇರಬಹುದು ಎಂದು ಅನುಮಾನಿಸಿ. ಒಂದು ಮಾತ್ರ ಅಡ್ಡ ತಿರುಗಿದ್ದರೆ ಅದರ ಒಳಗೆ ಏನು ಬೆರೆತಿದೆ ಎಂದು ನೋಟ್‌ಬುಕ್ ತೆರೆದು ಹುಡುಕಿ: ವಯಸ್ಸೇ, ಲಿಂಗವೇ, ಬಿತ್ತಿದ ದಿನವೇ, ಅಳೆದ ಕೈ ಬದಲಾಯಿತೇ. ಒಂದು ಗುಂಪು ಉಳಿದವಕ್ಕಿಂತ ಎರಡು ಪಟ್ಟು ಅಗಲವಿದ್ದರೆ ಪರ್ಮನೋವಾದ ಪಿ-ಮೌಲ್ಯವನ್ನು ಸ್ವಲ್ಪ ತಡೆದು ಓದಿ. ಗುಂಪುಗಳಲ್ಲಿನ ಮಾದರಿ ಸಂಖ್ಯೆ ಸಮವಿಲ್ಲದಾಗ ಅದು ಜಾಗದ ವ್ಯತ್ಯಾಸಕ್ಕೂ ಹರಡುವಿಕೆಯ ವ್ಯತ್ಯಾಸಕ್ಕೂ ಗೊಂದಲ ಮಾಡಿಕೊಳ್ಳುತ್ತದೆ. ಮತ್ತೆ, ಎರಡೂ ಅಕ್ಷಗಳಿಗೆ ಒಂದೇ ಸ್ಕೇಲ್ ಇಡಿ. ಪುಟಕ್ಕೆ ಹೊಂದಲೆಂದು ಚಿತ್ರವನ್ನು ಅಡ್ಡಕ್ಕೆ ಎಳೆದರೆ ವಾಲುವಿಕೆಯೂ ಸುಳ್ಳು, ಅಗಲವೂ ಸುಳ್ಳು.

ಚಿತ್ರದ ಕೆಳಗೆ ನಾನು ಬರೆಸುವುದು ಇಷ್ಟು: ಎಲಿಪ್ಸ್ ಬಿಂದುಗಳದ್ದೋ ಸರಾಸರಿಯದ್ದೋ, ಶೇಕಡಾ ಎಷ್ಟು, ಪ್ರತಿ ಗುಂಪಿನಲ್ಲಿ ಎಷ್ಟು, ಒಂದು ಬಿಂದು ಎಂದರೆ ಗಿಡವೋ ಕಾಯಿಯೋ. ಬಿಂದುಗಳನ್ನು ಅಳಿಸಿ ಎಲಿಪ್ಸ್ ಮಾತ್ರ ಉಳಿಸಿದ ಚಿತ್ರವನ್ನು ನಾನು ವಾಪಸ್ ಕಳಿಸುತ್ತೇನೆ.

ಕೈಯಲ್ಲಿ ಆರ್ ಇರುವವರು ಇವತ್ತೇ ಒಂದು ಕೆಲಸ ಮಾಡಿ. ಅಡೇಲಿ ಮೂರು ದ್ವೀಪಗಳಲ್ಲೂ ಸಿಗುವ ಒಂದೇ ಜಾತಿ: ಬಿಸ್ಕೋದಲ್ಲಿ 44, ಡ್ರೀಮ್‌ನಲ್ಲಿ 56, ಟೋರ್ಗರ್ಸನ್‌ನಲ್ಲಿ 52. ದ್ವೀಪಕ್ಕೊಂದರಂತೆ ಎಲಿಪ್ಸ್ ಎಳೆಯಿರಿ, ಮೊದಲು ಹಕ್ಕಿಗಳ ಸುತ್ತ, ಆಮೇಲೆ ಸರಾಸರಿಗಳ ಸುತ್ತ. ಮೊದಲ ಚಿತ್ರದಲ್ಲಿ ಮೂರೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಆಮೇಲೆ ಪ್ರತಿ ದ್ವೀಪದ ಹಕ್ಕಿಗಳನ್ನೂ ಗಂಡು ಹೆಣ್ಣಾಗಿ ಒಡೆದು ಆರು ಎಲಿಪ್ಸ್ ಮಾಡಿ. ಯಾವ ಎರಡು ಹತ್ತಿರ ಬಂದವು, ದ್ವೀಪ ಒಂದೇ ಆದವೋ ಲಿಂಗ ಒಂದೇ ಆದವೋ, ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ. ತಾಗಿದವೋ ಇಲ್ಲವೋ ಎಂದು ಬರೆದರೆ ಅಳಿಸಿಹಾಕುತ್ತೇನೆ.